ಮಂಚದ ಬಳಿಗೆ ಬರಬೇಕಾದ ಪುಸ್ತಕ

ನಲವತ್ತು ದಾಟಿದ ಮೇಲೆ ನಮಗೂ ಚಾಳೀಸು ಬಂತು. ಪತ್ರಿಕೆಯನ್ನು ಕೈ ಚಾಚಿ ದೂರ ಹಿಡಿದು, ತಲೆ ಹಿಂದೆ ಸರಿಸಿ ಓದುವುದನ್ನು ಕಂಡು ಮನೆಯವರು ನಕ್ಕರು. ಬೆಳಗಾವಿಯ ಖಡೇಬಜಾರಿನ ಅಂಗಡಿಯೊಂದರಲ್ಲಿ ಅದೇ ಸಂಜೆ ಕನ್ನಡಕ ಸಿಕ್ಕಿತು. ಅಂಗಡಿಯವರು ನಮ್ಮನ್ನು ವಿಕಲಚೇತನರೆಂದು ಕರೆಯಲಿಲ್ಲ, ಯಾವ ಪ್ರಮಾಣಪತ್ರವನ್ನೂ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು ಬೀದಿಗೆ ಬಂದಾಗ ಯಾರೂ 'ಅಯ್ಯೋ ಪಾಪ' ಎನ್ನಲಿಲ್ಲ. ಕಣ್ಣಿನ ಶಕ್ತಿ ಕುಂದಿತ್ತು, ಎರಡು ಗಾಜಿನ ತುಂಡುಗಳು ಅದನ್ನು ತುಂಬಿಕೊಟ್ಟವು. ಅಷ್ಟೇ.

ಇಂಥದೇ ಇನ್ನೊಂದು ಸಾಧನ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಅದು ರೇಹಲ್. ಎರಡು ಹಲಗೆಗಳನ್ನು ಕತ್ತರಿಯಂತೆ ಜೋಡಿಸಿದ ಆ ಪೀಠದ ಮೇಲೆ ಕುರ್‌ಆನ್ ಇಟ್ಟು ಓದುತ್ತೇವೆ. ನೆರೆಯ ಹಿಂದೂ ಮನೆಗಳಲ್ಲಿ ಅದನ್ನೇ ವ್ಯಾಸಪೀಠ ಎನ್ನುತ್ತಾರೆ. ಗ್ರಂಥಕ್ಕೆ ಗೌರವ ಸಲ್ಲಲೆಂದು ಅದನ್ನು ಬಳಸುತ್ತೇವೆ ಎಂಬುದು ನಿಜ. ಆದರೆ ಕೈ ನಡುಗುವ ಅಜ್ಜ, ಮೊಣಕೈ ನೋಯುವ ಅಜ್ಜಿ ತಾಸುಗಟ್ಟಲೆ ಓದಲು ಸಾಧ್ಯವಾದದ್ದು ಆ ಹಲಗೆಗಳು ಪುಸ್ತಕದ ಭಾರ ಹೊತ್ತುಕೊಂಡಿದ್ದರಿಂದ. ಅವರ ಕೊರತೆಗೆ ಮನೆಯಲ್ಲಿ ಮೊದಲೇ ಏರ್ಪಾಡು ಇತ್ತು. ಆದ್ದರಿಂದ ಅದು ಕೊರತೆಯೆಂದು ಯಾರಿಗೂ ಅನಿಸಲಿಲ್ಲ. ಏರ್ಪಾಡು ಇಲ್ಲದ ಕಡೆಯಲ್ಲಷ್ಟೇ ನಾವು ಮನುಷ್ಯನನ್ನು ಅಂಗವಿಕಲ ಎನ್ನುತ್ತೇವೆ, ಆಮೇಲೆ ಅವನ ಮೇಲೆ ಕನಿಕರ ತೋರುತ್ತೇವೆ. ಈ ಕನಿಕರದ ಬಗ್ಗೆಯೇ ನಾವು ಇಲ್ಲಿ ಸ್ವಲ್ಪ ಮಾತನಾಡಬೇಕಾಗಿದೆ. ಏಕೆಂದರೆ ಆ ತಪ್ಪನ್ನು ನಾವೇ ಮಾಡಿದ್ದೇವೆ.

ಖಾನಾಪುರದಲ್ಲಿ ನಮ್ಮ ಖಾಲಾ ಇದ್ದಾರೆ, ತಾಯಿಯ ತಂಗಿ. ಸಕ್ಕರೆ ಕಾಯಿಲೆ ಮೊದಲು ಅವರ ಒಂದು ಕಾಲನ್ನು ಮೊಣಕಾಲಿನ ಕೆಳಗೆ ಒಯ್ದಿತು, ಆಮೇಲೆ ಎರಡೂ ಕಣ್ಣಿನ ಬೆಳಕನ್ನು. ಈಗ ಅವರ ಲೋಕವೆಂದರೆ ಒಂದು ಮಂಚ, ಒಂದು ಕಿಟಕಿ, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು. ಉರ್ದು ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವರು. ಕನ್ನಡವನ್ನು ಓಣಿಯ ಗೆಳತಿಯರ ಜೊತೆ ಕಾದಂಬರಿ ಓದುತ್ತ ಕಲಿತರು. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಪುಸ್ತಕಗಳನ್ನು ಒಲೆಯ ಮುಂದೆ ಕುಳಿತು ಓದಿ ಎಷ್ಟೋ ಸಲ ರೊಟ್ಟಿ ಸುಟ್ಟಿದ್ದಾರೆ. ಇನ್ನು ಉರ್ದುವಿನಲ್ಲಿ ಇಬ್ನೆ ಸಫೀ ಎಂದರೆ ಪ್ರಾಣ. 1952ರಲ್ಲಿ ಅಲಹಾಬಾದಿನಿಂದ ಶುರುವಾದ 'ಜಾಸೂಸಿ ದುನಿಯಾ' ಮಾಲೆಯ ಹಳೆಯ ಪ್ರತಿಗಳು ಅವರ ಟ್ರಂಕಿನಲ್ಲಿ ಈಗಲೂ ಇವೆ.

ಕಾಯಿಲೆಯವರನ್ನು ಹೋಗಿ ನೋಡುವುದು, ಅಂದರೆ ಇಯಾದತ್, ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ. ಒಬ್ಬ ಮುಸಲ್ಮಾನನ ಮೇಲೆ ಇನ್ನೊಬ್ಬನಿಗಿರುವ ಹಕ್ಕುಗಳಲ್ಲಿ ಅದೂ ಒಂದು. ಖಾಲಾರ ಮನೆಗೂ ಜನ ಬರುತ್ತಿದ್ದರು. ಸಕ್ಕರೆ ಕಾಯಿಲೆಯವರೆಂದು ಗೊತ್ತಿದ್ದೂ ಬಾಳೆಹಣ್ಣು, ಚಿಕ್ಕು ತರುತ್ತಿದ್ದರು. ಸಬರ್ ಮಾಡಿರಿ ಎಂದು ಹೇಳಿ ಹೋಗುತ್ತಿದ್ದರು. ಒಬ್ಬರೂ ಪುಸ್ತಕ ತರಲಿಲ್ಲ. ಕಣ್ಣು ಹೋದವರಿಗೆ ಪುಸ್ತಕವೇಕೆ ಎಂದುಕೊಂಡಿರಬೇಕು. ನಾವು ಕಥೆ ಬರೆಯುವವರಲ್ಲವೇ, ನಮಗೆ ಹೊಳೆಯಿತು. ಆದಿತ್ಯವಾರ ಬೆಳಗಾವಿಯಿಂದ ಬಸ್ಸು ಹಿಡಿದರೆ ಖಾನಾಪುರ ದೂರವೇನಲ್ಲ, ಇಪ್ಪತ್ತಾರು ಕಿಲೋಮೀಟರು. ನಾವೇ ಹೋಗಿ ಓದಿ ಹೇಳತೊಡಗಿದೆವು. ಇದಕ್ಕಾಗಿ ನಮ್ಮ ಬಗ್ಗೆ ನಮಗೇ ಒಂದು ಸಣ್ಣ ಹೆಮ್ಮೆ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಒಂದು ದಿನ ಕಾದಂಬರಿಯೊಂದನ್ನು ಓದುತ್ತಿದ್ದೆವು. ಹಾಸಿಗೆ ಹಿಡಿದ ಹೆಂಗಸೊಬ್ಬಳು ಸಾಯುವ ಪ್ರಸಂಗ ಬಂತು. ಇದನ್ನು ಇವರಿಗೆ ಹೇಗೆ ಓದುವುದೆಂದು ಅಳುಕಿ, ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿ ಮುಂದಿನ ಅಧ್ಯಾಯಕ್ಕೆ ಹೋದೆವು. ಖಾಲಾ ಕೈ ಎತ್ತಿ ತಡೆದರು.

"ಬೇಟಾ, ಎರಡು ಹಾಳಿ ಒಮ್ಮೆಲೇ ತಿರುವಿದಿ. ನಡುವ ಏನಿತ್ತು?"

"ಏನೂ ಇಲ್ಲ ಖಾಲಾ, ಅಂಟಿಕೊಂಡಿದ್ದುವು."

"ಕಣ್ಣು ಹೋಗ್ಯಾವ, ಕಿವಿ ಹೋಗಿಲ್ಲ. ಹೋದ ವಾರನೂ ಹಿಂಗ ಮಾಡಿದ್ದಿ. ನಾ ಏನು ಕೇಳಬೇಕು, ಏನು ಕೇಳಬಾರದು ಅಂತ ನೀ ಯಾಕ ಠರಾಯಿಸ್ತಿ?"

ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಅವರು ಮುಂದೆ ಹೇಳಿದ್ದು ಇನ್ನೂ ಹರಿತವಾಗಿತ್ತು: "ನೀ ತರೋದೆಲ್ಲಾ ನನಗ ಸಮಾಧಾನ ಹೇಳೋ ಪುಸ್ತಕ. ನಾ ಒಂದು ಇಬ್ನೆ ಸಫೀ ತಾ ಅಂತ ಕೇಳಿ ಎಷ್ಟು ದಿನಾ ಆತು?"

ನಿಜವೇ ಆಗಿತ್ತು. ಹಾಸಿಗೆ ಹಿಡಿದವರಿಗೆ ಆಧ್ಯಾತ್ಮ, ಉಪದೇಶ, ಸಂತರ ಚರಿತ್ರೆ ಇವೇ ಸರಿ ಎಂದು ನಾವು ತೀರ್ಮಾನಿಸಿದ್ದೆವು. ಅವರಿಗೆ ಬೇಕಾದದ್ದು ಕೊಲೆ ಮಾಡಿದವನು ಯಾರೆಂಬ ಕುತೂಹಲ. ಆರೋಗ್ಯವಂತರಾದ ನಾವು ರೈಲಿನಲ್ಲಿ ಕುಳಿತು ಪತ್ತೇದಾರಿ ಕಾದಂಬರಿ ಓದಿದರೆ ಅದು ಹವ್ಯಾಸ. ಕಾಯಿಲೆಯವರು ಅದನ್ನೇ ಕೇಳಿದರೆ ನಮಗೆ ಇರುಸುಮುರುಸು. ಕಷ್ಟದಲ್ಲಿರುವ ಮನುಷ್ಯ ಗಂಭೀರವಾಗಿಯೇ ಇರಬೇಕೆಂದು ಬಯಸುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

ಇನ್ನೊಬ್ಬರಿಗಾಗಿ ಓದುವವನ ಕೈಯಲ್ಲಿರುವ ಪುಸ್ತಕ ಒಂದು ಅಮಾನತ್. ಯಾರೋ ನಂಬಿ ಒಪ್ಪಿಸಿದ ಒಡವೆಯಿದ್ದಂತೆ. ಅದರಲ್ಲಿ ಒಂದು ಸಾಲನ್ನು ಕದ್ದರೂ ಅದು ಖಿಯಾನತ್, ನಂಬಿಕೆದ್ರೋಹ. ಒಳ್ಳೆಯ ಉದ್ದೇಶದಿಂದ ಕದ್ದೆ ಎಂದರೆ ಕಳವು ಕಳವಲ್ಲದೆ ಹೋಗುವುದಿಲ್ಲ. ಇದನ್ನು ಅರಿತ ಮೇಲೆ ನಮಗೆ ಇನ್ನೊಂದು ಮಾತೂ ತಿಳಿಯಿತು. ನಾವು ಒಂದಕ್ಷರವನ್ನೂ ಬಿಡದೆ ಓದಿದರೂ ಅವರ ಓದು ಪೂರ್ಣವಾಗುವುದಿಲ್ಲ. ಓದುವಾಗ ನಾವೆಲ್ಲ ಒಬ್ಬರೇ ಇರುತ್ತೇವೆ. ಒಂದು ಪುಟವನ್ನು ಎರಡು ಸಲ ಓದುತ್ತೇವೆ, ಬೇಸರವಾದರೆ ಹಾರಿಸುತ್ತೇವೆ, ಯಾರಿಗೂ ತೋರಿಸಲಾಗದ ಕಡೆ ಅಳುತ್ತೇವೆ, ನಗುತ್ತೇವೆ. ಬೇರೊಬ್ಬರ ದನಿಯ ಮೂಲಕವೇ ಪುಸ್ತಕ ಬರಬೇಕಾದವರಿಗೆ ಈ ಏಕಾಂತವೇ ಇಲ್ಲ. ಅವರ ಮತ್ತು ಪುಸ್ತಕದ ನಡುವೆ ಯಾವಾಗಲೂ ಮೂರನೆಯವರೊಬ್ಬರು ಕುಳಿತಿರುತ್ತಾರೆ. ಆ ಮೂರನೆಯವರು ಎಷ್ಟೇ ಪ್ರೀತಿಯವರಾಗಿರಲಿ, ಅವರ ಎದುರು ಎಲ್ಲವನ್ನೂ ಓದಲಾಗುವುದಿಲ್ಲ.

ಇದು ನಮ್ಮ ಸಮಾಜಕ್ಕೆ ಹೊಸದಲ್ಲ. ನಮ್ಮ ಅಜ್ಜಿಯರು, ಮುತ್ತಜ್ಜಿಯರು ಕೂಡ ಮನೆ ಬಿಟ್ಟು ಹೊರಬಾರದ ಓದುಗರೇ ಆಗಿದ್ದರು. ಅವರ ಕೈಕಾಲು ಗಟ್ಟಿಯಾಗಿದ್ದವು, ಕಟ್ಟಿಹಾಕಿದ್ದು ರೂಢಿ. 1898ರಲ್ಲಿ ಲಾಹೋರಿನಿಂದ ಹೊರಟ 'ತಹಜೀಬೆ ನಿಸ್ವಾಂ', 1908ರಲ್ಲಿ ದಿಲ್ಲಿಯಿಂದ ಹೊರಟ 'ಇಸ್ಮತ್' ಪತ್ರಿಕೆಗಳು ಅಂಚೆಯ ಮೂಲಕ ಪರದೆಯ ಹಿಂದಿನ ಹೆಂಗಸರನ್ನು ಮುಟ್ಟಿದವು. ನಂತರದ ದಿನಗಳಲ್ಲಿ ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಬಾಡಿಗೆಗೆ ಕಾದಂಬರಿ, ಮಾಸಪತ್ರಿಕೆ ಕೊಡುವ ಹುಡುಗರು ಊರೂರುಗಳಲ್ಲಿ ಬಾಗಿಲಿಗೆ ಬರುತ್ತಿದ್ದರು. ಗ್ರಂಥಾಲಯವೇ ಮನೆಗೆ ಬರುವ ಪದ್ಧತಿ ನಮ್ಮಲ್ಲಿತ್ತು. ಆದರೆ ಯಾವುದನ್ನು ಓದಬೇಕು, ಯಾವುದನ್ನು ಓದಬಾರದು ಎಂಬ ಪಟ್ಟಿ ಆಗಲೂ ಹೆಚ್ಚಾಗಿ ಗಂಡಸರ ಬಳಿಯೇ ಇತ್ತು. ಹೆಣ್ಣುಮಕ್ಕಳ ವಿಷಯದಲ್ಲಿ ಆ ಪಟ್ಟಿಯನ್ನು ತಪ್ಪೆಂದು ಈಗ ಒಪ್ಪುವ ನಾವು, ಹಾಸಿಗೆ ಹಿಡಿದವರ ವಿಷಯದಲ್ಲಿ ಅದನ್ನೇ ಮತ್ತೆ ಕೈಗೆತ್ತಿಕೊಂಡಿದ್ದೇವೆ.

ಇಲ್ಲಿ ಪ್ರವಾದಿ ಮುಹಮ್ಮದ್(ಸ)ರ ಬದುಕಿನ ಒಂದು ಘಟನೆ ನೆನಪಾಗುತ್ತದೆ. ಮಕ್ಕಾದ ಪ್ರಮುಖರ ಜೊತೆ ಅವರು ಮಾತಿನಲ್ಲಿದ್ದಾಗ ಅಬ್ದುಲ್ಲಾ ಇಬ್ನ್ ಉಮ್ಮೆ ಮಕ್ತೂಮ್(ರ) ಎಂಬ ಕುರುಡರು ನಡುವೆ ಬಂದು ತಮಗೆ ಕಲಿಸಬೇಕೆಂದು ಕೇಳಿದರು. ಪ್ರವಾದಿಯವರ ಮುಖ ಗಂಟಿಕ್ಕಿತು. ಆಗ ಅವರನ್ನೇ ಎಚ್ಚರಿಸುವ ವಚನಗಳು ಅವತೀರ್ಣವಾದವು. ಕುರ್‌ಆನಿನ 80ನೆಯ ಅಧ್ಯಾಯಕ್ಕೆ ಹೆಸರು ಬಂದದ್ದು ಆ ಗಂಟುಮುಖದಿಂದಲೇ. ಈ ಘಟನೆಯನ್ನು ಕುರುಡರ ಮೇಲಿನ ದಯೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಆದರೆ ಅವರು ಭಿಕ್ಷೆ ಬೇಡಲು ಬಂದಿರಲಿಲ್ಲ, ತಿಳಿವಳಿಕೆ ಕೇಳಲು ಬಂದಿದ್ದರು. ಕಾಯಿಸಬಾರದಾಗಿದ್ದದ್ದು ಒಬ್ಬ ವಿದ್ಯಾರ್ಥಿಯನ್ನು. ಮುಂದೆ ಇದೇ ವ್ಯಕ್ತಿ ಮದೀನಾದಲ್ಲಿ ಅಜಾನ್ ಕೊಡುವವರಾದರು, ಪ್ರವಾದಿಯವರು ಊರಿನಲ್ಲಿಲ್ಲದಾಗ ಅವರ ಪ್ರತಿನಿಧಿಯಾಗಿ ನಿಂತರು. ದಯೆಯ ಪಾತ್ರ ಹೊಣೆಯ ಪಾತ್ರವಾದದ್ದು ಕಲಿಯುವ ಬಾಗಿಲು ತೆರೆದದ್ದರಿಂದ.

ಕಿವಿಯಿಂದ ಓದುವುದು ಕೀಳೆಂದು ನಮ್ಮ ನಾಡು ಎಂದೂ ಭಾವಿಸಿಲ್ಲ. ಕುರ್‌ಆನನ್ನು ಕೇಳಿ ಕೇಳಿಯೇ ಕಂಠಪಾಠ ಮಾಡಿದ ಕುರುಡ ಹಾಫಿಜರು ಎಷ್ಟೋ ಊರುಗಳಲ್ಲಿದ್ದಾರೆ. ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿಯೇ ಅಕ್ಷರ ಬಾರದ ಹಳ್ಳಿಗರು ತಮ್ಮದಾಗಿಸಿಕೊಂಡರು. ನಮಗೆ ಹತ್ತಿರದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಅಂಧರೇ ಆದ ಪುಟ್ಟರಾಜ ಗವಾಯಿಗಳು ನೂರಾರು ಅಂಧ ಮಕ್ಕಳಿಗೆ ಸಂಗೀತದ ಅನ್ನ ಕೊಟ್ಟರು. 2010ರಲ್ಲಿ ತೀರಿಕೊಂಡ ಪುಟ್ಟರಾಜರು ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನೂ ರಚಿಸಿದವರು. ಕಣ್ಣಿಲ್ಲದವರು ಓದುಗರಲ್ಲ ಎನ್ನುವವರು ಗದಗಿನವರೆಗೆ ಒಮ್ಮೆ ಹೋಗಿ ಬರಬಹುದು.

ಬ್ರೈಲ್ ಲಿಪಿಯ ಕಥೆಯೂ ಇದನ್ನೇ ಹೇಳುತ್ತದೆ. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಮೊದಲು ಕಲಿಸುತ್ತಿದ್ದದ್ದು ಉಬ್ಬಿಸಿ ಅಚ್ಚುಹಾಕಿದ ಮಾಮೂಲಿ ಅಕ್ಷರಗಳನ್ನು. ಕಣ್ಣಿದ್ದವರಿಗೆ ಅವು ಸುಲಭ, ಬೆರಳಿಗೆ ಕಷ್ಟ. ಅದೇ ಶಾಲೆಯ ವಿದ್ಯಾರ್ಥಿಯಾಗಿದ್ದ ಲೂಯಿ ಬ್ರೈಲ್ ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿ 1829ರಲ್ಲಿ ಪ್ರಕಟಿಸಿದ. ಮಕ್ಕಳು ಮೆಚ್ಚಿದರೂ ಶಾಲೆ ಬಹುಕಾಲ ಅದಕ್ಕೆ ಅಧಿಕೃತ ಸ್ಥಾನ ಕೊಡಲಿಲ್ಲ, ನಡುವೆ ಕೆಲವು ಕಾಲ ತಡೆದದ್ದೂ ಉಂಟು. ಕಣ್ಣಿದ್ದವರು ಓದಲಾಗದ ಲಿಪಿ ಅಂಧರನ್ನು ಬೇರೆ ಮಾಡುತ್ತದೆ ಎಂಬುದು ಒಂದು ಆಕ್ಷೇಪ. ಮಾನ್ಯತೆ ಸಿಕ್ಕಿದ್ದು 1854ರಲ್ಲಿ. ಅಷ್ಟರಲ್ಲಿ ಬ್ರೈಲ್ ತೀರಿಕೊಂಡು ಎರಡು ವರ್ಷವಾಗಿತ್ತು. ತಾವು ನೋಡಲಾಗದ ಓದನ್ನು ಒಪ್ಪಿಕೊಳ್ಳುವುದು ಮೇಲ್ವಿಚಾರಕರಿಗೆ ಯಾವ ಕಾಲದಲ್ಲೂ ಕಷ್ಟವೇ.

ಆದರೆ ಬ್ರೈಲ್ ಎಲ್ಲರಿಗೂ ಒದಗುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಬೆರಳ ತುದಿಯ ಸ್ಪರ್ಶ ಮಂಕಾದ ನಮ್ಮ ಖಾಲಾರಂಥವರು ಅರವತ್ತರ ಮೇಲೆ ಅದನ್ನು ಕಲಿಯುವುದು ಹೇಗೆ? ಅವರಿಗೆ ದನಿಯ ಪುಸ್ತಕವೇ ಬೇಕು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಚಿಂತಿಸಿ ಬ್ರಿಟನ್ನಿನಲ್ಲಿ 1935ರಲ್ಲಿ ಗ್ರಾಮಾಫೋನ್ ತಟ್ಟೆಗಳ ಮಾತಾಡುವ ಪುಸ್ತಕ ಶುರುವಾಯಿತು. ಮೊದಲು ಕಳಿಸಿದ ಪುಸ್ತಕಗಳಲ್ಲೊಂದು ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ! ಇದನ್ನು ಖಾಲಾರಿಗೆ ಹೇಳಿದಾಗ ಅವರು ಗೆದ್ದವರಂತೆ ನಕ್ಕರು. ಅಮೆರಿಕದಲ್ಲಿ 1931ರ ಕಾನೂನಿನಿಂದ ಅಂಧರಿಗಾಗಿ ರಾಷ್ಟ್ರೀಯ ಗ್ರಂಥಾಲಯ ಸೇವೆ ಆರಂಭವಾಗಿ, 1966ರಲ್ಲಿ ಪುಸ್ತಕ ಹಿಡಿಯಲು, ಹಾಳೆ ತಿರುವಲು ಆಗದವರಿಗೂ ವಿಸ್ತರಿಸಿತು.

ಈ ಕೊನೆಯ ಮಾತು ಮುಖ್ಯವಾದದ್ದು. ಓದಲಾಗದವರೆಂದರೆ ಕುರುಡರಷ್ಟೇ ಅಲ್ಲ. ಬೆಳಗಾವಿಯ ಗಲ್ಲಿಯೊಂದರ ಎರಡನೇ ಮಹಡಿಯಲ್ಲಿ ನಮಗೆ ಪರಿಚಯದ ಯುವಕನೊಬ್ಬನಿದ್ದಾನೆ. ಕಣ್ಣು ಹದ್ದಿನದು, ಆದರೆ ಕೈಗಳು ಮಾತು ಕೇಳುವುದಿಲ್ಲ, ಕಾಲು ಮೆಟ್ಟಿಲು ಇಳಿಯುವುದಿಲ್ಲ. ರಬ್ಬರ್ ತುದಿಯ ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ ಹಾಳೆ ತಿರುವುತ್ತಾನೆ. ತಿರುವಿದ ಹಾಳೆ ಮತ್ತೆ ಹಿಂದಕ್ಕೆ ಬರುವುದು ಅವನ ದೊಡ್ಡ ಪೀಡೆ. ಅವನ ತಾಯಿ ಬಟ್ಟೆ ಒಣಹಾಕುವ ಕ್ಲಿಪ್ಪು ಹಚ್ಚಿ, ಮಂಚಕ್ಕೆ ಅಡ್ಡವಾಗಿ ಹಲಗೆ ಕಟ್ಟಿ, ಅದರ ಮೇಲೆ ರೇಹಲ್ ಇಟ್ಟು ಅದನ್ನೂ ಬಗೆಹರಿಸಿದ್ದಾರೆ. ಓದುವ ಸಾಧನಗಳೆಂದರೆ ಲಕ್ಷಗಟ್ಟಲೆಯ ಯಂತ್ರಗಳೆಂದು ಹೆದರುವವರು ಆ ಮಂಚವನ್ನು ನೋಡಬೇಕು. ಅಲ್ಲಿ ಸಾಧನಕ್ಕೆ ಕೊರತೆಯಿಲ್ಲ. ಓದಿ ಮುಗಿಸಿದ ಪುಸ್ತಕವನ್ನು ಒಯ್ದು ಹೊಸದನ್ನು ತರುವ ಕೈಗಳಿಗೆ ಕೊರತೆ. ಭಾರತೀಯ ಅಂಚೆಯಲ್ಲಿ ಅಂಧರ ಸಾಹಿತ್ಯವನ್ನು 7 ಕಿಲೋವರೆಗೆ ಅಂಚೆವೆಚ್ಚವಿಲ್ಲದೆ ಸಾಗಿಸುವ ಸೌಲಭ್ಯ ಬಹುಕಾಲದಿಂದ ಇದೆ. ಇದು ಅಂಧರಿಗಾಗಿ ಮಾಡಿದ ಏರ್ಪಾಡು. ಕಣ್ಣಿದ್ದು ಕೈಯಿಲ್ಲದ ಇವನಿಗೆ ಅದು ಸಿಗುವುದಿಲ್ಲ.

ಖಾಲಾರ ಹೆಸರಿನಲ್ಲಿ ಸದಸ್ಯತ್ವ ಮಾಡಿಸೋಣವೆಂದು ನಾವು ಒಂದು ಗ್ರಂಥಾಲಯಕ್ಕೆ ಹೋಗಿದ್ದೆವು. ಸದಸ್ಯರಾಗುವವರು ಖುದ್ದಾಗಿ ಬಂದು ಸಹಿ ಮಾಡಬೇಕೆಂದರು. ಬರಲಾಗದು ಎಂದೆವು. ಅಲ್ಲಿದ್ದವರು ಒಳ್ಳೆಯವರೇ. "ನಿಮ್ಮ ಹೆಸರಿನಲ್ಲೇ ಮಾಡಿಸ್ರಿ, ಒಯ್ದು ಓದಿ ಹೇಳ್ರಿ, ಏನಾತೀಗ?" ಎಂದರು. ಪಾಪ, ಎದ್ದು ಹೋಗಿ ಆರೋಗ್ಯ, ಆಧ್ಯಾತ್ಮದ ಕಪಾಟಿನಿಂದ ಮೂರು ಪುಸ್ತಕಗಳನ್ನು ತಾವೇ ಆರಿಸಿ ತಂದರು. ನಮಗೆ ಕೋಪ ಬರಲಿಲ್ಲ. ನಾವು ಮಾಡಿದ್ದೂ ಅದನ್ನೇ ಅಲ್ಲವೇ? ಆದರೆ ನಮ್ಮ ಹೆಸರಿನ ಕಾರ್ಡಿನಲ್ಲಿ ಬಂದ ಪುಸ್ತಕ ನಮ್ಮ ಉಪಕಾರ, ಅವರ ಹೆಸರಿನ ಕಾರ್ಡಿನಲ್ಲಿ ಬಂದದ್ದು ಅವರ ಪುಸ್ತಕ. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ, ಮಂಚದ ಮೇಲೆ ಮಲಗಿದವರಿಗೆ ದೊಡ್ಡದು.

ಹಕ್ಕಿನ ಲೆಕ್ಕವನ್ನೇ ಹಾಕೋಣ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ, ತೆರಿಗೆಯ ಮೇಲೆ ಶೇಕಡಾ 6. ಹಾಸಿಗೆ ಹಿಡಿದವರು ಮಲಗಿರುವ ಮನೆಯೂ ಆ ಕರ ಕಟ್ಟುತ್ತದೆ. ಅದೇ ಮನೆಗೆ ಪುಸ್ತಕ ತಲುಪಿಸುವುದು ದಾನ ಹೇಗಾದೀತು? 2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು, ದೇಶದಲ್ಲಿ 2.68 ಕೋಟಿ. 1995ರ ಕಾಯ್ದೆ 7 ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತ್ತು, 2016ರ ಕಾಯ್ದೆ 21ನ್ನು ಗುರುತಿಸುತ್ತದೆ. ಅಂಧರಿಗೆ ಪುಸ್ತಕ ಒದಗಿಸುವ 2013ರ ಮರಾಕೆಶ್ ಒಪ್ಪಂದವನ್ನು ಮೊಟ್ಟಮೊದಲು ಅನುಮೋದಿಸಿದ ದೇಶ ನಮ್ಮದೇ, 2014ರಲ್ಲಿ. ಅದಕ್ಕೂ ಮುಂಚೆ 2012ರಲ್ಲೇ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ, ವಿಕಲಚೇತನರಿಗಾಗಿ ಲಾಭದ ಆಸೆಯಿಲ್ಲದೆ ಪುಸ್ತಕವನ್ನು ದನಿಗೆ, ಬ್ರೈಲಿಗೆ ಇಳಿಸಲು ಲೇಖಕರ ಅನುಮತಿ ಬೇಕಿಲ್ಲ ಎಂದಾಯಿತು. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರ್ಜಾಲದ ಗ್ರಂಥಾಲಯವೂ ತೆರೆಯಿತು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ 1990ರಿಂದ ಈ ದಾರಿಯಲ್ಲಿದೆ. ಮೈಸೂರಿನಲ್ಲಿ ಸರಕಾರದ ಬ್ರೈಲ್ ಮುದ್ರಣಾಲಯವಿದೆ. ಹೀಗೆ ಕಾನೂನು ಬಾಗಿಲವರೆಗೆ ಬಂದು ನಿಂತಿದೆ. ಹೊಸ್ತಿಲು ದಾಟುವುದು ಬಾಕಿ ಇದೆ.

ಹೊಸ್ತಿಲ ಮೇಲೆ ಅಡ್ಡ ನಿಂತವರಲ್ಲಿ ಬರಹಗಾರರಾದ ನಾವೂ ಇದ್ದೇವೆ. ಖಾಲಾರಿಗೆ ಅವರ ಮಗ ಒಂದು ಮೊಬೈಲು ತಂದುಕೊಟ್ಟ. ಈಗಿನ ಫೋನುಗಳಲ್ಲಿ ಪರದೆಯ ಮೇಲಿನದನ್ನು ಓದಿ ಹೇಳುವ ವ್ಯವಸ್ಥೆ ಹಣವಿಲ್ಲದೆ ಸಿಗುತ್ತದೆ, ಕನ್ನಡ, ಉರ್ದು ಎರಡನ್ನೂ ಓದುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ರೂಪಿಸಿದರು, 2006ರಿಂದ ಅದು ಉಚಿತವಾಗಿಯೇ ಸಿಗುತ್ತಿದೆ. ಖಾಲಾ ಮೊದಲು ಕೇಳಿದ್ದು ನಮ್ಮ ಕಥೆಗಳನ್ನೇ. ಸಂಕಲನದ ಕಡತವನ್ನು ಹೆಮ್ಮೆಯಿಂದ ಅವರ ಫೋನಿಗೆ ಹಾಕಿದೆವು. ಫೋನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಗೊಣಗತೊಡಗಿತು. ಕಾರಣ ಸರಳ. ಅಚ್ಚಿಗೆ ಹೋದ ಕಡತ ಹಳೆಯ ನುಡಿ ಅಕ್ಷರಗಳಲ್ಲಿತ್ತು, ಯೂನಿಕೋಡಿನಲ್ಲಿ ಇರಲಿಲ್ಲ. ಅಲ್ಲಿ ಕನ್ನಡ ಕಾಣುವುದು ಕಣ್ಣಿಗೆ ಮಾತ್ರ. ಒಳಗೆ ಇರುವುದು ಇಂಗ್ಲಿಷ್ ಕೀಲಿಗಳ ಗುರುತು. ಉರ್ದುವಿನದೂ ಇದೇ ಗತಿ. ಹಳೆಯ ಇನ್‌ಪೇಜಿನಲ್ಲಿ ಕೂಡಿಸಿದ ಕಡತಗಳನ್ನು ಯಂತ್ರ ಓದಲಾರದು, ಅಂತರ್ಜಾಲದಲ್ಲಿ ಸಿಗುವ ಉರ್ದು ಪುಸ್ತಕಗಳಲ್ಲಿ ಬಹಳಷ್ಟು ಬರೀ ಹಾಳೆಗಳ ಚಿತ್ರಗಳು. ಸುಂದರವಾಗಿ ಅಚ್ಚಾದ ನಮ್ಮ ಪುಸ್ತಕ ನಮ್ಮ ಖಾಲಾರ ಪಾಲಿಗೆ ಬೀಗ ಹಾಕಿದ ಮನೆಯಾಗಿತ್ತು, ಬೀಗದ ಕೈ ನಮ್ಮ ಜೇಬಿನಲ್ಲೇ ಇತ್ತು.

ಮೂರು ರಾತ್ರಿ ಕುಳಿತು ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿ, ಕೆಟ್ಟ ಒತ್ತಕ್ಷರಗಳನ್ನು ತಿದ್ದಿ ಕಳಿಸಿದೆವು. ಮುಂದಿನ ಆದಿತ್ಯವಾರ ಖಾಲಾ ಹೇಳಿದರು: "ಅದರಾಗ ಐದನೇ ಕಥಿ ಐತಲ್ಲ, ಅದನ್ನ ನೀ ನನಗ ಯಾವತ್ತೂ ಓದಿ ಹೇಳಿರಲಿಲ್ಲ." ನಿಜ. ಮಗಳೊಬ್ಬಳು ಹಾಸಿಗೆ ಹಿಡಿದ ತಾಯಿಯ ಸೇವೆ ಮಾಡಿ ದಣಿದು, ಇದು ಬೇಗ ಮುಗಿಯಲಿ ಎಂದು ಮನಸ್ಸಿನಲ್ಲೇ ಬಯಸುವ ಕಥೆ ಅದು. ನಾವು ತಲೆ ತಗ್ಗಿಸಿದೆವು. "ಖರೇ ಬರದಿ," ಎಂದರು ಅವರು, "ನನ್ನ ಸೊಸಿಗೂ ಹಂಗ ಅನಸ್ತಿರಬೇಕು. ತಪ್ಪಿಲ್ಲ." ಅಂದು ನಾವಿಬ್ಬರೂ ಮಾತನಾಡಿದಷ್ಟು ಮನಬಿಚ್ಚಿ ಹಿಂದೆಂದೂ ಮಾತನಾಡಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಯಂತ್ರದ ದನಿಗೆ ಮನುಷ್ಯರ ದನಿಯ ಬೆಚ್ಚನೆ ಎಲ್ಲಿಂದ ಬರಬೇಕು, ಫೋನು ಕೊಟ್ಟು ಕೈತೊಳೆದುಕೊಂಡರೆ ಆ ಜೀವ ಇನ್ನಷ್ಟು ಒಂಟಿಯಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಭಯ ನಿಜವಾದದ್ದೇ. ಆದರೆ ಸಂಗ ಬೇರೆ, ಪುಸ್ತಕ ಬೇರೆ. ನಾವು ಬಂದರೆ ಮಾತ್ರ ಓದು ಎಂದಿದ್ದಾಗ ಖಾಲಾ ನಮ್ಮ ಮರ್ಜಿ ಹಿಡಿಯಬೇಕಾಗಿತ್ತು. ಈಗ ನಾವು ಹೋಗುವುದು ಮಾತಿಗಾಗಿ, ಅವರು ಓದಿದ್ದನ್ನು ಕೇಳುವುದಕ್ಕಾಗಿ. ಇಯಾದತ್ ನಿಂತಿಲ್ಲ, ಅದರಿಂದ ಲಾಭ ಪಡೆಯುವವರು ಬದಲಾಗಿದ್ದಾರೆ, ಅಷ್ಟೇ. ಫೋನು ಕೊಟ್ಟು ಹೋಗುವುದನ್ನೇ ಬಿಟ್ಟವರು ಫೋನಿನ ಮೇಲೆ ತಪ್ಪು ಹೊರಿಸಬಾರದು.

ಗ್ರಂಥಾಲಯದ ವಿಷಯಕ್ಕೆ ಮರಳೋಣ. ಭಾರತೀಯ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ ಬದುಕಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡವರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಎರಡನೆಯದರ ಸಾರ, ಪ್ರತಿಯೊಬ್ಬ ಓದುಗನಿಗೂ ಅವನದೇ ಪುಸ್ತಕ ಸಿಗಬೇಕೆಂಬುದು. ನಡೆದು ಬರಬಲ್ಲ ಓದುಗನಿಗೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹಳ್ಳಿಗಳಿಗೆ ಹೊರಟವು. ಎತ್ತಿನ ಗಾಡಿಯ ಕಾಲದಲ್ಲಿ ಆದದ್ದು ಈಗ ಆಗದೇ?

ಖಾನಾಪುರ ಸೀಮೆ ಬಲ್ಲವರು ಕೇಳಬಹುದು: ರಸ್ತೆ ಎಲ್ಲಿದೆ ಎಂದು. ನ್ಯಾಯವಾದ ಪ್ರಶ್ನೆ. ಕಣಕುಂಬಿ, ಭೀಮಗಡದ ಕಾಡಿನ ಹಳ್ಳಿಗಳು ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹೊರಗಿನವರಿಗೆ ಸಿಗುವುದಿಲ್ಲ. 2024ರ ಮಳೆಗಾಲದಲ್ಲಿ ಆಮಗಾಂವದ ಜನ ಕಾಯಿಲೆಯ ಮಹಿಳೆಯೊಬ್ಬರನ್ನು ಹೆಗಲ ಮೇಲೆ ಹೊತ್ತು ಕಾಡಿನ ದಾರಿಯಲ್ಲಿ ತಂದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಆಸ್ಪತ್ರೆಗೇ ದಾರಿಯಿಲ್ಲದ ಕಡೆ ಪುಸ್ತಕದ ಮಾತು ಚಂದವೇ ಎನಿಸಬಹುದು. ಆದರೆ ಮಂಚ ಹಿಡಿದವರು ಮೊದಲು ರಸ್ತೆ, ಆಮೇಲೆ ಆಸ್ಪತ್ರೆ, ಎಲ್ಲ ಮುಗಿದ ಮೇಲೆ ಪುಸ್ತಕ ಎಂದು ಸರದಿಯಲ್ಲಿ ಕಾಯುತ್ತ ಹೋದರೆ ಆಯುಷ್ಯವೇ ಮುಗಿಯುತ್ತದೆ. ಎಲ್ಲಿ ದಾರಿಯಿದೆಯೋ ಅಲ್ಲಾದರೂ ಶುರು ಮಾಡಬಹುದು. ಖಾನಾಪುರ ಪೇಟೆ, ನಂದಗಡ, ಬೀಡಿ, ಇಟಗಿ, ಲೋಂಡಾಗಳಿಗೆ ದಾರಿಯಿದೆಯಲ್ಲ.

ಅದಕ್ಕೆ ಹೊಸ ಇಲಾಖೆ ಬೇಕಿಲ್ಲ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚಿರುವ ಇವನ್ನು ಈಗ ಅರಿವು ಕೇಂದ್ರಗಳೆನ್ನುತ್ತಾರೆ. ಪಂಚಾಯತಿ ಮಟ್ಟದಲ್ಲಿ ವಿಕಲಚೇತನರ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ. ಯಾರ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಅವರಿಗೆ ಬಾಯಿಪಾಠ. ಪಿಂಚಣಿಯ ಕಾಗದ ಹಿಡಿದು ಹೋಗುವ ಅವರ ಚೀಲದಲ್ಲಿ ಎರಡು ಪುಸ್ತಕಗಳಿಗೆ ಜಾಗವಿದೆ. ಆದರೆ ಅವರದು ಅಲ್ಪ ಗೌರವಧನ. ಈ ಕೆಲಸವನ್ನೂ ಪುಕ್ಕಟೆ ಹೊರಿಸುವುದು ಇನ್ನೊಂದು ಅನ್ಯಾಯ, ಅದಕ್ಕೆ ತಕ್ಕ ಭತ್ಯೆ ಕೊಡಬೇಕು. ಬೆಳಗಾವಿ ನಗರದಲ್ಲಂತೂ ಕಾಲೇಜುಗಳಿವೆ, 1848ರಲ್ಲಿ ಆರಂಭವಾದ ಸಾರ್ವಜನಿಕ ವಾಚನಾಲಯದಷ್ಟು ಹಳೆಯ ಓದಿನ ಪರಂಪರೆಯಿದೆ, ಮಾಹೇಶ್ವರಿ ಅಂಧರ ಶಾಲೆಯಿದೆ. ಮಸೀದಿ, ಮಠಗಳ ಯುವಕರಿದ್ದಾರೆ. ವಾರಕ್ಕೊಮ್ಮೆ ಫೋನು ಮಾಡಿ "ಯಾವ ಪುಸ್ತಕ ಬೇಕು?" ಎಂದು ಕೇಳಿ, ಕೇಳಿದ್ದನ್ನೇ ಒಯ್ದು ಕೊಡುವುದು ಎಷ್ಟು ಹೊತ್ತಿನ ಕೆಲಸ? ಕೇಳಿದ್ದನ್ನೇ, ನಮಗೆ ಸರಿಕಂಡದ್ದನ್ನಲ್ಲ. ಸದಸ್ಯತ್ವ ಅವರದೇ ಹೆಸರಿನಲ್ಲಿ ಇರಲಿ, ಸಹಿಯ ಬದಲು ಹೆಬ್ಬೆಟ್ಟನ್ನು ಮನೆಗೇ ಹೋಗಿ ಪಡೆಯಲಿ. ಇನ್ನು ನಮ್ಮಂಥ ಬರಹಗಾರರು, ಪ್ರಕಾಶಕರು, ಪತ್ರಿಕೆಯವರು ಇಷ್ಟನ್ನಾದರೂ ಮಾಡೋಣ: ಪ್ರತಿ ಪುಸ್ತಕದ ಯೂನಿಕೋಡ್ ಪ್ರತಿಯೊಂದನ್ನು ಇಟ್ಟು, ಕೇಳಿದ ವಿಕಲಚೇತನ ಓದುಗರಿಗೆ ಕಳಿಸೋಣ.

ಧರ್ಮಶಾಸ್ತ್ರದಲ್ಲಿ ಹುಕೂಕುಲ್ ಇಬಾದ್ ಎಂಬ ಮಾತಿದೆ, ಮನುಷ್ಯರಿಗೆ ಮನುಷ್ಯರು ಸಲ್ಲಿಸಬೇಕಾದ ಹಕ್ಕುಗಳು. ಅಲ್ಲಾಹನಿಗೆ ಸಂಬಂಧಿಸಿದ ತಪ್ಪನ್ನು ಅವನು ಕ್ಷಮಿಸಬಹುದು, ಮನುಷ್ಯನ ಹಕ್ಕನ್ನು ಕಸಿದ ತಪ್ಪನ್ನು ಆ ಮನುಷ್ಯನೇ ಕ್ಷಮಿಸಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಹಾರಿಸಿದ ಆ ಹಾಳೆಗಳಿಗಾಗಿ ನಾವು ಖಾಲಾರ ಬಳಿ ಮಾಫಿ ಕೇಳಿದೆವು. ಅವರು ನಕ್ಕು, "ಅಂದಿನ ಪುಸ್ತಕ ತಗೊಂಡ ಬಾ, ಬಿಟ್ಟದ್ದನ್ನ ಓದು, ಆಮ್ಯಾಲ ಮಾಫಿ" ಎಂದರು. ಒಯ್ದು ಓದಿದೆವು. ಆ ಹೆಂಗಸು ಸಾಯುವ ಭಾಗವನ್ನು ಅವರು ಕದಲದೆ ಕೇಳಿದರು. "ಚಲೋ ಬರದಾರ" ಎಂದು ಮಾತ್ರ ಹೇಳಿದರು.

ಕಳೆದ ವಾರ ಖಾನಾಪುರದಲ್ಲೇ ಉಳಿದಿದ್ದೆವು. ಹೊರಗೆ ಜಡಿಮಳೆ. ನಡುರಾತ್ರಿ ಎಚ್ಚರವಾದಾಗ ಖಾಲಾರ ಕೋಣೆಯಿಂದ ಸಣ್ಣ ದನಿ ಕೇಳಿಸಿತು. ದೀಪವಿರಲಿಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ದಿಂಬಿನ ಕೆಳಗೆ ಫೋನು ಏನನ್ನೋ ಓದುತ್ತಿತ್ತು. ಬಾಗಿಲಲ್ಲಿ ನಿಂತು, "ಖಾಲಾ, ಏನು ಓದಾಕತ್ತೀರಿ?" ಎಂದೆವು. ದನಿ ತಟ್ಟನೆ ನಿಂತಿತು.

"ನಿನಗ್ಯಾಕ? ಹೋಗಿ ಮಲಕೋ," ಎಂದರು.

ನಾವು ಬಾಗಿಲು ಮುಂದೆ ಮಾಡಿಕೊಂಡು ಬಂದೆವು.